ತುಪ್ಪ ಕುಡಿದ ಬೆರಳಚ್ಚು ಯಂತ್ರ

ಅತಿಯಾದ ಭಕ್ತಿಯಿಂದ ಮನುಷ್ಯ ಕೆಡುತ್ತಾನೋ ಇಲ್ಲವೋ ಎಂಬುದನ್ನು ನಾನು ಹೇಳಲಾರೆ. ಅದನ್ನು ನಿರ್ಣಯಿಸಬಲ್ಲ ಹಿರಿಯರು ಬೇರೆ ಇದ್ದಾರೆ. ಆದರೆ ಯಂತ್ರ ಕೆಡುತ್ತದೆ. ಇದು ಶಾಸ್ತ್ರಾಧಾರದ ಮಾತಲ್ಲ, ಸ್ವಾನುಭವ. ಲಿಂಗಸುಗೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಂಡಿತನಾಗಿದ್ದು, ಈಗ ಮಸ್ಕಿಯ ನಮ್ಮ ಮನೆಯಲ್ಲಿ ಮೂರು ಹೊತ್ತು ವಿಭೂತಿ ಧರಿಸಿ, ಎರಡು ಹೊತ್ತು ಪೂಜೆ ಮಾಡಿ, ಒಂದು ಹೊತ್ತು ಹೆಂಡತಿಯಿಂದ ಬೈಸಿಕೊಂಡು ಕಾಲ ಕಳೆಯುತ್ತಿರುವ ನಾನು, ಈ ವಯಸ್ಸಿನಲ್ಲಿ ಓದುಗರ ಮುಂದೆ ಒಂದು ಸಣ್ಣ ತಪ್ಪೊಪ್ಪಿಗೆಗಾಗಿ ಕೈಕಟ್ಟಿ ನಿಂತಿದ್ದೇನೆ. ನ್ಯಾಯವಾಗಿ ಇದನ್ನು ದೇವರ ಮುಂದೆ ಹೇಳಿಕೊಳ್ಳಬೇಕಾಗಿತ್ತು. ಹೋದೆ, ಬಾಯಿಯನ್ನೂ ತೆರೆದೆ. ಏಕೆ ಹೇಳಲಾಗಲಿಲ್ಲವೆಂಬುದು ಕೊನೆಯಲ್ಲಿ ತಮಗೇ ತಿಳಿಯುತ್ತದೆ.

ಎರಡು ವರ್ಷಗಳ ಹಿಂದೆ ನನ್ನ ಹೆಂಡತಿ ಪಾರ್ವತಮ್ಮ ಜ್ವರದಿಂದ ಮಲಗಿದವಳು ಏಳಲಿಲ್ಲ. ರಾಯಚೂರಿನ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಕುಳಿತು, ಒಳಗಿನಿಂದ ಬರುವ ಪ್ರತಿಯೊಬ್ಬ ದಾದಿಯ ಮುಖವನ್ನೂ ಪಂಚಾಂಗದಂತೆ ಓದುತ್ತಿದ್ದ ಮೂರನೆಯ ದಿನ, ನಾನು ಮನಸ್ಸಿನಲ್ಲೇ ಒಂದು ಹರಕೆ ಹೊತ್ತೆ. ‘ಪಾರ್ವತಿಯನ್ನು ಎಬ್ಬಿಸು ತಂದೆ, ನಿನ್ನ ಪಂಚಾಕ್ಷರಿಯನ್ನು ಲಕ್ಷ ಸಲ ಬರೆದು ನಿನ್ನ ಪಾದಕ್ಕೆ ಒಪ್ಪಿಸುತ್ತೇನೆ’ ಎಂದೆ. ದೇವರು ಉದಾರಿ, ಬರೆಯುವವರೆಗೆ ಕಾಯಲಿಲ್ಲ. ನಾನು ಹಾಳೆ ಕೊಳ್ಳುವ ಮೊದಲೇ ಪಾರ್ವತಿ ಎದ್ದು ಕುಳಿತು, ಆಸ್ಪತ್ರೆಯ ಚಹಾ ನೀರಾಗಿದೆಯೆಂದು ತಕರಾರು ತೆಗೆದಳು.

ಮನೆಗೆ ಬಂದು ಬರೆಯಲು ಕುಳಿತಾಗಲೇ ನನ್ನ ಕೈಯ ನಿಜಸ್ಥಿತಿ ನನಗೆ ತಿಳಿದದ್ದು. ಒಂದು ಕಾಲಕ್ಕೆ ಕರಿಹಲಗೆಯ ಮೇಲೆ ನಾನು ಬರೆದ ಪದ್ಯವನ್ನು ಅಳಿಸಲು ಮಕ್ಕಳು ಹಿಂಜರಿಯುತ್ತಿದ್ದರು. ಈಗ ಅದೇ ಕೈ ನಡುಗುತ್ತದೆ. ಹತ್ತು ಸಲ ‘ನಮಃ ಶಿವಾಯ’ ಬರೆದು ನೋಡಿದೆ; ಮಸಿಯಲ್ಲಿ ಅದ್ದಿದ ಜಿರಲೆ ಹಾಳೆಯ ಮೇಲೆ ಓಡಿದಂತೆ ಕಂಡಿತು. ಆಗ ನೆನಪಾದದ್ದು ಅಟ್ಟದ ಮೇಲಿದ್ದ ಕನ್ನಡ ಟೈಪ್‌ರೈಟರ್. ಶಾಲೆಯವರು ಹಳೆಯ ಸಾಮಾನುಗಳನ್ನು ಹರಾಜು ಹಾಕಿದಾಗ ಯಾರೂ ಕೇಳದಿದ್ದುದನ್ನು ನೋಡಲಾರದೆ ನಾನು ಮನೆಗೆ ತಂದಿದ್ದೆ. ಕೈ ಎಷ್ಟೇ ನಡುಗಲಿ, ಕೀಲಿ ಒತ್ತಿದ ಮೇಲೆ ಅಕ್ಷರ ನೆಟ್ಟಗೇ ಬೀಳುತ್ತದೆ. ಯಂತ್ರದಲ್ಲಿ ಬಡಿದ ಜಪ ಸಲ್ಲುತ್ತದೆಯೇ ಎಂದು ನಾಲ್ಕು ದಿನ ಗ್ರಂಥಗಳನ್ನು ತಿರುವಿದೆ. ಟೈಪ್‌ರೈಟರಿನ ವಿಷಯದಲ್ಲಿ ಪೂರ್ವಾಚಾರ್ಯರು ಮೌನವಾಗಿದ್ದಾರೆ. ಮೌನವನ್ನು ಸಮ್ಮತಿಯೆಂದು ಭಾವಿಸಿದೆ.

ಲಿಂಗಸುಗೂರಿನ ಕಚೇರಿಯೊಂದರಲ್ಲಿ ನೌಕರಿ ಮಾಡುವ ನಮ್ಮ ಮಗಳು ಒಂದು ಭಾನುವಾರ ಬಂದವಳು ನನ್ನ ಬಡಿತವನ್ನು ನೋಡಿ ನಕ್ಕಳು. “ಅಪ್ಪಾ, ಕಂಪ್ಯೂಟರಿನ್ಯಾಗ ಒಂದ ಸಲ ಹೊಡದ್ರ ಸಾಕು. ಕಾಪಿ ಮಾಡಿ ಲಕ್ಷ ಸಲ ಅಂಟಿಸಿ ಕೊಡ್ತೀನಿ, ಚಹಾ ಕುಡಿಯೂದರಾಗ ಮುಗೀತೈತಿ” ಎಂದಳು. ನಾನು ಕಿವಿ ಮುಚ್ಚಿಕೊಂಡೆ. ಒಂದೊಂದು ನಾಮವೂ ಒಂದೊಂದು ಬೆರಳಿನ ಶ್ರಮದಿಂದ ಬರಬೇಕು, ತನ್ನ ಕೈಯಿಂದಲೇ ಬರಬೇಕು, ಎರವಲು ಕೈಯ ಜಪ ಜಪವೇ ಅಲ್ಲ ಎಂದು ಅವಳಿಗೆ ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಆ ಉಪನ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಟೈಪ್‌ರೈಟರಿನಲ್ಲಿ ಪ್ರತಿ ಸಾಲು ಮುಗಿಯುವ ಹೊತ್ತಿಗೆ ಟಿಣ್ ಎಂದು ಒಂದು ಸಣ್ಣ ಗಂಟೆ ಬಾರಿಸುತ್ತದೆಯಷ್ಟೆ. ನನ್ನ ಮಟ್ಟಿಗೆ ಅದು ಕಾಗದವನ್ನು ಹಿಂದಕ್ಕೆ ತಳ್ಳುವ ಸೂಚನೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಪಾರ್ವತಿಗೆ ಮಾತ್ರ ಅದು ಮಂಗಳಾರತಿಯ ಗಂಟೆ. ಟಿಣ್ ಎಂದರೆ ಹಿಟ್ಟಿನ ಕೈಯನ್ನೇ ಜೋಡಿಸಿ ಹಣೆಗೆ ಮುಟ್ಟಿಸುವಳು. ಈ ಎರಡು ವರ್ಷ ಅವಳ ಹಣೆಯ ಮೇಲೆ ಯಾವಾಗಲೂ ಜೋಳದ ಹಿಟ್ಟು ಇರುತ್ತಿದ್ದುದಕ್ಕೆ ಕಾರಣ ಇದು. “ನೀವು ಬೆರಳು ಆಡಸ್ತೀರಿ, ನಾನು ಕೈ ಮುಗೀತೀನಿ. ಪುಣ್ಯೆ ಯಾರಿಗೆ ಹೆಚ್ಚು, ನೀವ ಹೇಳ್ರಿ ಪಂಡಿತರ” ಎಂದು ಆಗಾಗ ಕೆಣಕುತ್ತಿದ್ದಳು.

ಇಷ್ಟರವರೆಗೆ ಎಲ್ಲವೂ ನಿರ್ವಿಘ್ನ. ತಪ್ಪು ನಡೆದದ್ದು ನನ್ನ ಮಡಿಯಿಂದ. ಯಂತ್ರಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡಬೇಕೆಂದು ಶಾಲೆಯ ಗುಮಾಸ್ತರು ಹಿಂದೆ ಹೇಳಿದ್ದರು. ಆದರೆ ಪೇಟೆಯಲ್ಲಿ ಸಿಗುವ ಮಷೀನ್ ಎಣ್ಣೆ ಯಾವುದರಿಂದ ಆದದ್ದೋ, ಯಾರು ಮುಟ್ಟಿದ್ದೋ! ಶಿವನಾಮ ಹೊರಡುವ ಯಂತ್ರದ ಗಂಟಲಿಗೆ ಅದನ್ನು ಸುರಿಯಲು ನನಗೆ ಮನಸ್ಸು ಬರಲಿಲ್ಲ. ದೇವರ ದೀಪಕ್ಕೆಂದು ಇಟ್ಟಿದ್ದ ಆಕಳ ತುಪ್ಪವನ್ನೇ ಬಿಟ್ಟೆ. ಯಂತ್ರವೂ ಬೆಣ್ಣೆಯಂತೆ ಓಡಿತು. ನನಗೆ ಹುಮ್ಮಸ್ಸು ಬಂತು. ಪ್ರತಿ ಸೋಮವಾರ ತುಪ್ಪ, ತುಪ್ಪದ ಮೇಲೆ ವಿಭೂತಿ, ವಿಭೂತಿಯ ಮೇಲೆ ಕುಂಕುಮ, ಕುಂಕುಮದ ಮೇಲೆ ಅಕ್ಷತೆ, ಕೊನೆಗೊಂದು ಬಿಲ್ವದಳ. ತುಪ್ಪಕ್ಕೆ ಇರುವೆಗಳು ಬಂದವು. ಅವೂ ಜಪ ಕೇಳಲು ಬಂದಿವೆಯೆಂದು ಸುಮ್ಮನಾದೆ.

ಈ ಶ್ರಾವಣದ ಕಡೆಯ ಸೋಮವಾರ ಹಾಳೆಗಳನ್ನು ನಮ್ಮ ಓಣಿಯ ಈಶ್ವರನ ಗುಡಿಗೆ ಒಪ್ಪಿಸುವುದಾಗಿ ಪೂಜಾರಿ ಶಿವಯ್ಯನವರಿಗೆ ಮಾತು ಕೊಟ್ಟಿದ್ದೆ. ಅವರು ಅಭಿಷೇಕದ ಸಿದ್ಧತೆ ಮಾಡಿ, ಓಣಿಯವರಿಗೆಲ್ಲ ಹೇಳಿಯೂ ಆಗಿತ್ತು. ಹತ್ತು ದಿನ ಉಳಿದಿರುವಾಗ, ಇನ್ನು ಹನ್ನೊಂದೇ ಹಾಳೆ ಬಾಕಿ ಇರುವಾಗ, ಯಂತ್ರ ನಿಂತಿತು. ನಿಂತಿತೆಂದರೆ ಕೀಲಿಗಳು ಏಳುತ್ತಿದ್ದವು. ಕಾಗದ ಹಿಡಿದು ಪಕ್ಕಕ್ಕೆ ಸರಿಯಬೇಕಾದ ಮೇಲಿನ ಭಾಗ, ಕ್ಯಾರೇಜು, ಅಲುಗಾಡಲಿಲ್ಲ. ಐದು ಅಕ್ಷರಗಳೂ ಒಂದರ ಮೇಲೊಂದು ಬಿದ್ದು ಒಂದು ಕಪ್ಪು ಚುಕ್ಕೆಯಾಯಿತು. ಅದ್ವೈತ ಸಿದ್ಧಿ ಎನ್ನಬಹುದಾಗಿತ್ತು, ಆದರೆ ಶಿವಯ್ಯನವರು ಒಪ್ಪುತ್ತಿರಲಿಲ್ಲ. ನಾನು ಮಾಡಿದ ಚಿಕಿತ್ಸೆಯೇನು? ಮೂರು ದಿನ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಇನ್ನಷ್ಟು ತುಪ್ಪ.

ನಾಲ್ಕನೆಯ ದಿನ ಪಾರ್ವತಿ ತನ್ನ ಹಳೆಯ ರೇಷ್ಮೆ ಸೀರೆಯಲ್ಲಿ ಯಂತ್ರವನ್ನು ಸುತ್ತಿ ನನ್ನ ಕೈಗಿಟ್ಟು, “ಸಿಂಧನೂರಾಗ ಕೋರ್ಟಿನ ಹತ್ರ ಒಂದು ರಿಪೇರಿ ದುಕಾನ ಐತಂತ. ತುಪ್ಪದ ಡಬ್ಬಿ ಖಾಲಿ ಆಗೂಕಿಂತ ಮದ್ಲ ಹೊಂಡ್ರಿ” ಎಂದಳು. ಬಸ್ಸು ತುಂಬಿತ್ತು. ಹಣೆಯ ತುಂಬ ವಿಭೂತಿ, ತೋಳಿನಲ್ಲಿ ರೇಷ್ಮೆಯ ಗಂಟು. ರಸ್ತೆಯ ಪ್ರತಿ ಕುಣಿಗೂ ಗಂಟಿನೊಳಗಿನಿಂದ ಟಿಣ್ ಟಿಣ್ ಎಂದು ಸಣ್ಣ ದನಿ. ಮುಕ್ಕುಂದಕ್ಕೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಥಟ್ಟನೆ ಎದ್ದು ನನಗೆ ಜಾಗ ಕೊಟ್ಟಳು. ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ಯಾವ ದೇವರ್ರಿ ಅಜ್ಜಾರ?” ಎಂದು ಕೇಳಿದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲ. “ದೇವರಲ್ಲವ್ವ, ರಿಪೇರಿಗೆ ಒಯ್ಯಾಕತ್ತೀನಿ” ಎಂದೆ.

ಆಕೆ ಪಕ್ಕದವಳ ಕಡೆ ತಿರುಗಿ ಗಲ್ಲದ ಮೇಲೆ ಕೈಯಿಟ್ಟಳು. “ಕೇಳಿದೇನ ಯಕ್ಕಾ? ದೇವರನ್ನೂ ರಿಪೇರಿ ಮಾಡೂ ಕಾಲ ಬಂತು! ಸಿಂಧನೂರಾಗ ಏನೇನ ಐತೋ ತಾಯಿ!” ಅಲ್ಲಿಂದ ಮುಂದೆ ಇಡೀ ಬಸ್ಸು, ಕಂಡಕ್ಟರನೂ ಸೇರಿ, ನನ್ನ ಗಂಟಿಗೆ ತೋರಿಸಿದ ಮರ್ಯಾದೆಯನ್ನು ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಯಾರೂ ತೋರಿಸಿರಲಿಲ್ಲ.

ಆ ಅಂಗಡಿ ಒಂದು ಉದ್ದನೆಯ ಕೋಣೆ. ಮುಂದೆ ಅಂಗಡಿ, ಹಿಂದೆ ಮನೆ. ಟೈಪ್‌ರೈಟರುಗಳ ಜೊತೆಗೆ ಹೊಲಿಗೆ ಯಂತ್ರಗಳು, ಭತ್ತಕ್ಕೆ ಔಷಧ ಹೊಡೆಯುವ ಪಂಪುಗಳು ಸಾಲಾಗಿ ಕುಳಿತಿದ್ದವು. ನಡೆಸುವವರು ಒಂದೇ ಮನೆಯ ಮೂವರು. ಹಿರಿಯರು ದುರುಗಪ್ಪ, ನನ್ನದೇ ವಯಸ್ಸು, ಕಣ್ಣು ಮಂಜಾಗಿದೆ. ಅವರ ಹೆಂಡತಿ ಹುಲಿಗೆಮ್ಮ, ಬಿಚ್ಚಿದ ಸ್ಕ್ರೂ ಸ್ಪ್ರಿಂಗುಗಳನ್ನೆಲ್ಲ ವೃತ್ತಪತ್ರಿಕೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟುಕೊಂಡು ಕಾಯುವವರು. ಸೊಸೆ ಸುಜಾತಾ, ಸ್ಕ್ರೂ ಡ್ರೈವರ್ ಹಿಡಿಯುವವಳು. ಮಗನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ. “ಭೂಮಿ ಅಗಿಯೂ ಮಗಗ ಸ್ಪ್ರಿಂಗು ಹಿಡಿಯೂ ತಾಳ್ಮಿ ಇಲ್ರಿ, ಸೊಸಿಗೆ ಐತಿ” ಎಂದು ದುರುಗಪ್ಪ ಹೆಮ್ಮೆಯಿಂದ ಹೇಳಿದರು. ಗೋಡೆಯ ಮೇಲೆ ಬುದ್ಧನ ಚಿತ್ರ. ಹೂವಿಲ್ಲ, ಕುಂಕುಮವಿಲ್ಲ, ಗಾಜಿನ ಮೇಲೆ ಒಂದು ಧೂಳಿನ ಕಣವೂ ಇಲ್ಲ.

ಅವರ ಕೆಲಸದ ಪದ್ಧತಿಯೇ ವಿಚಿತ್ರ. ದುರುಗಪ್ಪ ಯಂತ್ರವನ್ನು ನೋಡಲಿಲ್ಲ. “ಕುಂದರ್ರಿ ಮಾಸ್ತರ. ಒಂದು ಸಾಲು ಹೊಡೀರಿ, ಕೇಳೂಣು” ಎಂದು ಕಣ್ಣು ಮುಚ್ಚಿ ಕುಳಿತರು, ಸಂಗೀತ ಕಛೇರಿಗೆ ಬಂದವರ ಹಾಗೆ. ನಾನು ಬಡಿದೆ. ಅವರ ಹುಬ್ಬು ಗಂಟಾಯಿತು.

“ಇದರ ಹೊಟ್ಟ್ಯಾಗ ಏನೋ ಕುಂತೈತ್ರಿ. ಧೂಳಲ್ಲ. ತುಕ್ಕೂ ಅಲ್ಲ. ಐವತ್ತು ವರ್ಷದಾಗ ಇಂಥ ದನಿ ಕೇಳಿಲ್ಲ. ಸುಜಾತಾ, ಚೂರು ಮೂಸಿ ನೋಡವ್ವ.”

ಸುಜಾತಾ ಬಗ್ಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು. “ಮಾವಾ, ಹೋಳಿಗಿ ವಾಸನಿ ಬರಾಕತ್ತೈತಿ!”

ನಾನು ನೆಲ ನೋಡಿದೆ. ನಂತರ ಎಲ್ಲವನ್ನೂ ಹೇಳಿದೆ: ಹರಕೆ, ಮಡಿ, ತುಪ್ಪ, ವಿಭೂತಿ, ಸೋಮವಾರಗಳು. ಆಮೇಲೆ ಹುಲಿಗೆಮ್ಮನವರು ಸೆರಗನ್ನು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದರು. ನಗು ಸೊಸೆಗೆ ಹತ್ತಿತು, ಸೊಸೆಯಿಂದ ದುರುಗಪ್ಪನವರಿಗೆ ಹತ್ತಿತು, ಕೊನೆಗೆ, ಸುಳ್ಳೇಕೆ, ನನಗೂ ಹತ್ತಿತು.

ಸುಜಾತಾ ತಳದ ತಗಡು ಬಿಚ್ಚಿದಳು. ಒಳಗೆ ತುಪ್ಪವೂ ವಿಭೂತಿಯೂ ಕೂಡಿ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅದರಲ್ಲಿ ಹೂತಿದ್ದವುಗಳನ್ನು ಚಿಮಟಿಗೆಯಿಂದ ಒಂದೊಂದಾಗಿ ಎತ್ತಿಕೊಟ್ಟಳು. ಹುಲಿಗೆಮ್ಮ ಪದ್ಧತಿಯ ಪ್ರಕಾರ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಅಕ್ಷತೆಯ ಕಾಳುಗಳು, ಬಿಲ್ವದ ಕಡ್ಡಿ, ಊದುಬತ್ತಿಯ ತುಂಡು, ಅರ್ಧ ಹತ್ತಿಯ ಬತ್ತಿ, ಪರಲೋಕ ಸೇರಿದ್ದ ಹಲವು ಇರುವೆಗಳು. “ಒಂದು ತೆಂಗಿನಕಾಯಿ ಸಿಕ್ಕ್ರ ಪೂಜಿ ಪೂರಾ ಆಕ್ಕೈತಿ ನೋಡ್ರಿ ಅಜ್ಜಾರ” ಎಂದರು.

“ಪೆಟ್ರೋಲಿನ್ಯಾಗ ತೊಳೀಬೇಕ್ರಿ. ಬ್ಯಾರೆ ದಾರಿ ಇಲ್ಲ” ಎಂದಳು ಸುಜಾತಾ.

“ಪೆಟ್ರೋಲೇ? ಜಪದ ಯಂತ್ರವಮ್ಮ ಅದು” ಎಂದು ನಾನು ಗಾಬರಿಯಾದೆ.

“ಅಲ್ರಿ ಅಜ್ಜಾರ, ಜಳಕಾ ಮಾಡ್ದ ನೀವು ಪೂಜಿಗೆ ಕುಂದರ್ತೀರೇನು?” ಎಂದರು ಹುಲಿಗೆಮ್ಮ. “ಅದು ಎರಡು ವರ್ಷ ಜಳಕಾ ಇಲ್ದ ಕುಂತೈತಿ ಪಾಪ. ಅದಕ್ಕೂ ಒಂದು ಜಳಕಾ ಬ್ಯಾಡೇನು?”

ಮೂವತ್ತು ವರ್ಷ ತರ್ಕ ಅಲಂಕಾರಗಳನ್ನು ಬೋಧಿಸಿದ ನಾನು ಈ ಜಳಕದ ತರ್ಕಕ್ಕೆ ತಲೆಬಾಗಿ ಒಪ್ಪಿದೆ. ಸೋಮವಾರದ ಗಡುವನ್ನು ಹೇಳಿದಾಗ ಭಾನುವಾರ ಮಧ್ಯಾಹ್ನಕ್ಕೆ ಬರಲು ತಿಳಿಸಿದರು. ಹೊರಡುವಾಗ ದುರುಗಪ್ಪ, “ನಿಮ್ಮ ಹಾಳಿ ಒಂದು ಬಿಟ್ಟು ಹೋಗ್ರಿ” ಎಂದರು. ಅದು ಆ ಅಂಗಡಿಯ ನಿಯಮವಂತೆ. ರಿಪೇರಿಯಾದ ಯಂತ್ರದಲ್ಲಿ ಗಿರಾಕಿ ದಿನಾಲೂ ಏನು ಹೊಡೆಯುತ್ತಾನೋ ಅದನ್ನೇ ಹೊಡೆದು ಪರೀಕ್ಷಿಸಬೇಕು. ವಕೀಲರ ಯಂತ್ರಕ್ಕೆ ಅಫಿಡವಿಟ್ಟು, ಸೊಸೈಟಿಯ ಯಂತ್ರಕ್ಕೆ ನೋಟೀಸು. ಅದೂ ಒಬ್ಬರ ಕೈಯಿಂದಲ್ಲ, ಮೂವರ ಕೈಯಿಂದ. ಯಂತ್ರವು ಒಂದು ಕೈಗೆ ಒಲಿದು ಇನ್ನೊಂದಕ್ಕೆ ಮುನಿಯಬಾರದು. ಪರೀಕ್ಷೆಯ ಹಾಳೆಗಳನ್ನು ಯಂತ್ರದ ಜೊತೆಗೇ ಕಟ್ಟಿಕೊಡುವುದು ಅವರ ಸಾಕ್ಷಿ.

“ಆದ್ರ ಒಂದು ಮಾತು ಮಾಸ್ತರ” ಎಂದು ದುರುಗಪ್ಪ ಗೋಡೆಯ ಚಿತ್ರದ ಕಡೆ ಮುಖ ತಿರುಗಿಸಿದರು. “ನಾವು ಬುದ್ಧರನ್ನ ನಂಬಿದವರು. ನಿಮ್ಮ ಹಾಳಿ ಹೊಡೀತೀವಿ, ಅದು ಟೆಸ್ಟಿಂಗ. ಪೂಜಿ ಅಲ್ಲ. ಮದ್ಲ ಹೇಳಿಬಿಟ್ಟೀನಿ, ಆಮ್ಯಾಲ ನೀವು ಮನಸಿಗೆ ಹಚ್ಕೋಬಾರದು.”

ಅಂಥ ಪ್ರಾಮಾಣಿಕ ಮಾತನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

ಭಾನುವಾರ ಹೋದೆ. ಯಂತ್ರ ಹೊಸ ಮದುಮಗನಂತೆ ಹೊಳೆಯುತ್ತಿತ್ತು. ಬಡಿದು ನೋಡಿದೆ, ಕ್ಯಾರೇಜು ಕಾಲುವೆಯ ನೀರಿನಂತೆ ಸರಿಯಿತು. ದುರುಗಪ್ಪ ಕಣ್ಣು ಮುಚ್ಚಿ ತಲೆದೂಗಿದರು. ಸುಜಾತಾ ಒಂದು ಪುಟ್ಟ ಎಣ್ಣೆಯ ಶೀಸೆ ಕೊಟ್ಟು, “ವಾರಕ್ಕ ಒಂದ ಹನಿ. ಪೂಜಿ ಮಾಡ್ರಿ ಅಜ್ಜಾರ, ನಾ ಬ್ಯಾಡನ್ನಂಗಿಲ್ಲ. ಆದ್ರ ದೂರ ನಿಂತು ಮಾಡ್ರಿ” ಎಂದಳು. ಜೊತೆಗೆ ದಾರ ಕಟ್ಟಿದ ಹನ್ನೆರಡು ಪರೀಕ್ಷೆಯ ಹಾಳೆಗಳು. ಮನೆಗೆ ಬಂದು ಬಿಚ್ಚಿ ನೋಡಿದೆ. ಹನ್ನೆರಡರಲ್ಲೂ ಅಂಚಿನಿಂದ ಅಂಚಿಗೆ ‘ನಮಃ ಶಿವಾಯ’. ಒಂದು ತಪ್ಪಿಲ್ಲ, ಒಂದು ಕಲೆಯಿಲ್ಲ. ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಮಸಿಯ ತೂಕ ಒಂದೇ.

ನಾನು ಸ್ನಾನ ಮಾಡಿ ಕುಳಿತೆ. ಬೇಕಾದದ್ದು ಹನ್ನೊಂದು ಹಾಳೆ. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಮುಗಿದವು. ಅಷ್ಟಕ್ಕೇ ಬೆರಳುಗಳು ಮುಷ್ಕರ ಹೂಡಿದವು. ಎತ್ತಿದರೆ ಏಳವು, ಇಟ್ಟರೆ ಬೇರೆ ಕೀಲಿಯ ಮೇಲೆ ಬೀಳುವವು. ಉಳಿದದ್ದು ಏಳು ಹಾಳೆ. ಬೆಳಗಾದರೆ ಅಭಿಷೇಕ. ನನ್ನ ಕಣ್ಣು ಆ ಹನ್ನೆರಡು ಹಾಳೆಗಳ ಕಡೆ ಹೋಯಿತು. ಮಗಳಿಗೆ ಮಾಡಿದ ಉಪನ್ಯಾಸವೂ ನೆನಪಾಯಿತು. ಕಣ್ಣನ್ನು ಹಿಂದಕ್ಕೆ ಕರೆದುಕೊಂಡೆ. ಅದು ಮತ್ತೆ ಹೋಯಿತು.

ಪಾರ್ವತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. “ಏಳು ಎಣಿಸಿ ಸೇರಸ್ರಿ ಅತ್ಲಾಗ” ಎಂದಳು.

“ಅದು ಅವರ ಕೈಯದು. ಅವರೇ ಪೂಜೆ ಅಲ್ಲ ಅಂದಾರ” ಎಂದೆ.

“ನಾನು ಮಕ್ಕೊಂಡಿದ್ದಾಗ ಸೂಜಿ ಚುಚ್ಚಿದಾಕಿ ಪೂಜಿ ಅಂತ ಚುಚ್ಚಿದಳೇನು? ಆಕಿ ಕೆಲಸ, ಆಕಿ ಮಾಡಿದಳು. ಡಾಕ್ಟರಗೂ ಅಷ್ಟ. ಅವರೆಲ್ಲಾರ ಕೈಯಿಂದ ನಾ ಎದ್ದಿದ್ದು ನಿಮ್ಮ ದೇವರು ಎಬ್ಬಿಸಿದ್ದು ಅಂತ ಲೆಕ್ಕ ಹಿಡೀಲಿಲ್ಲೇನು? ಕೊಡಾಂವ ಎರವಲ ಕೈಲೆ ಕೊಟ್ಟಾನ. ನೀವು ಏಳು ಹಾಳಿ ಎರವಲ ಕೈಲೆ ಕೊಟ್ರ ಮೂಗು ಮುರಿಯಾಂಗಿಲ್ಲ.”

ನಾನು ಏಳು ಹಾಳೆಗಳನ್ನು ಎಣಿಸಿ ತೆಗೆದು ಕಟ್ಟಿನ ಮೇಲೆ ಇಟ್ಟೆ. ಪೂಜಾರಿಗಳಿಗೆ ನಿಜವನ್ನು ಹೇಳಿಯೇ ಒಪ್ಪಿಸುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿದೆ.

ಮರುದಿನ ಗುಡಿ ತುಂಬಿತ್ತು. ಶಿವಯ್ಯನವರು ಕಟ್ಟನ್ನು ಬಿಚ್ಚಿದರು. ಕಡೆಗೆ ಇಟ್ಟ ಹಾಳೆ ಎಲ್ಲಕ್ಕಿಂತ ಮೇಲಿರುವುದು ಸಹಜವಷ್ಟೆ. ಅದನ್ನು ಎತ್ತಿ ಬೆಳಕಿಗೆ ಹಿಡಿದರು. “ಆಹಾ, ಪಂಡಿತರ! ಎಂಥಾ ಹಾಳಿರಿ ಇದು, ಮುತ್ತು ಪೋಣಿಸಿಟ್ಟಂಗ ಐತಿ! ಭಕ್ತಿ ಇಲ್ದ ಇಂಥಾದ್ದು ಬರಾಂಗಿಲ್ಲ ಬಿಡ್ರಿ. ಇದನ್ನ ಗಾಜು ಹಾಕಿಸಿ ಗರ್ಭಗುಡಿ ಬಾಗಲಕ್ಕ ತೂಗು ಹಾಕ್ತೀನಿ.” ಕೆಳಗಿದ್ದ ನನ್ನ ಎರಡು ವರ್ಷದ ಹಾಳೆಗಳು, ಅಲ್ಲಲ್ಲಿ ತುಪ್ಪದ ಕಲೆಯಾದವು, ಅರಿವೆಯಲ್ಲಿ ಕಟ್ಟಿಸಿಕೊಂಡು ಪೆಟ್ಟಿಗೆ ಸೇರಿದವು. ನಾನು “ಶಿವಯ್ಯನವರೇ, ಆ ಹಾಳೆ...” ಎಂದು ಬಾಯಿ ತೆರೆದೆ. ಆ ಕ್ಷಣಕ್ಕೆ ಮಂಗಳಾರತಿಯ ಗಂಟೆ ಬಾರಿಸಿತು. ಗಂಟೆ ನಿಲ್ಲುವ ಹೊತ್ತಿಗೆ ಓಣಿಯವರೆಲ್ಲ ನನ್ನ ಕಾಲಿಗೆ ಬೀಳುತ್ತಿದ್ದರು. ಕಾಲಿಗೆ ಬಿದ್ದವರನ್ನು ಎಬ್ಬಿಸುವ ಗಡಿಬಿಡಿಯಲ್ಲಿ ನಿಜವನ್ನು ಹೇಳುವುದು ಬಹಳ ಕಷ್ಟ.

ಈಗ ಪ್ರತಿ ಸೋಮವಾರವೂ ಹೋಗುತ್ತೇನೆ. ಇಂದು ಹೇಳಿಯೇ ಬಿಡುವುದೆಂದು ಹೋಗುತ್ತೇನೆ. ಪ್ರತಿ ಸೋಮವಾರವೂ ಗಂಟೆ ಬಾರಿಸುತ್ತದೆ. ದುರುಗಪ್ಪನವರ ಕುಟುಂಬ ಹೊಡೆದ ಹಾಳೆಗೆ ಓಣಿಯವರ ಜೊತೆ ನಾನೂ ಕೈಮುಗಿದು ಬರುತ್ತೇನೆ. ಹಾಗೆ ಮುಗಿಯುವಾಗ ನನ್ನ ಮನಸ್ಸಿನಲ್ಲಿ ಧೂಳಿಲ್ಲದ ಆ ಗಾಜಿನ ಚಿತ್ರವೂ ಬಂದುಹೋಗುತ್ತದೆ. ಮೊನ್ನೆ ದಾರಿಯಲ್ಲಿ ಪಾರ್ವತಿ ಓರೆಗಣ್ಣಿನಿಂದ ನೋಡಿ, “ಹೇಳಿದ್ರೇನು?” ಎಂದಳು. “ಗಂಟಿ ಹೊಡೆದರು” ಎಂದೆ. “ಹೂಂ. ಗಂಟಿ ಹೊಡದಾಗ ಕೈ ಮುಗಿಯೂದು ನನ್ನ ಕೆಲಸ. ಬಾಯಿ ಮುಚ್ಚೂದು ನಿಮ್ಮದು” ಎಂದು ಮುಂದೆ ನಡೆದಳು.

ಆದುದರಿಂದ ಗಂಟೆಯ ಕಾಟವಿಲ್ಲದ ಕಡೆ, ಕಾಗದದ ಮೇಲೆಯೇ ಹೇಳಿಬಿಡೋಣವೆಂದು ಇಂದು ಮುಂಜಾನೆ ಯಂತ್ರದ ಮುಂದೆ ಕುಳಿತೆ. ಒಂದು ಹನಿ ಎಣ್ಣೆ ಬಿಟ್ಟು, ದೂರ ನಿಂತು ನಮಸ್ಕರಿಸಿ, ಈ ಲೇಖನವನ್ನು ಬಡಿಯುತ್ತಿದ್ದೇನೆ. ಯಂತ್ರಕ್ಕೂ ಗಂಟೆಯಿದೆಯೆಂಬುದು ಎರಡನೆಯ ಸಾಲಿಗೆ ನೆನಪಾಯಿತು. ಟಿಣ್ ಎಂದಾಗಲೆಲ್ಲ ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಒಂದು ಕ್ಷಣ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮುಂಚೆ ಪಾರ್ವತಿ ಬಾಗಿಲಿಗೆ ಬಂದಳು. ಹಣೆಯ ಮೇಲೆ ಜೋಳದ ಹಿಟ್ಟು, ಕಣ್ಣಿನಲ್ಲಿ ನೀರು. “ಎರಡನೇ ಲಕ್ಷಕ್ಕ ಕುಂತೀರೇನು?” ಎಂದು ಕೇಳಿದಳು.

ನಾನು ಹೂಂ ಎಂದುಬಿಟ್ಟೆ.